ಅಣ್ಣನವರ ಗಾಡಿಯ ಒಳಮೈ

ಸಂಸ್ಕೃತ ಪಾಠ ಹೇಳಿ ನಿವೃತ್ತನಾದ ಮಾಸ್ತರನೊಬ್ಬನು ಮೋಟಾರು ಗಾಡಿಯ ಗಾದಿ, ಬಾಗಿಲಿನ ರಟ್ಟು, ಕೈಯಾಸರೆಗಳ ವಿಷಯವಾಗಿ ಬರೆಯಲು ಕುಳಿತಿದ್ದಾನೆಂದರೆ ಓದುಗರು ನಕ್ಕಾರು. ನಗಲಿ. ಗಾಡಿಯ ಯಂತ್ರದ ವಿಷಯ ನನಗೆ ಇಂದಿಗೂ ಏನೇನೂ ತಿಳಿಯದು. ಅದಕ್ಕೆ ಉಗಾರದಲ್ಲಿ ಒಬ್ಬ ಮೇಸ್ತ್ರಿ ಇದ್ದಾನೆ. ನಾನು ಹೇಳಹೊರಟಿರುವದು ಗಾಡಿಯ ಒಳಮೈಯ ಮಾತು. ಮನುಷ್ಯರ ಬೆನ್ನು, ಮೊಣಕೈ, ಅಂಗೈಗಳು ತಾಗಿ ತಾಗಿ ಸವೆಯುವ ಭಾಗದ ಮಾತು. ಯಂತ್ರ ಕೆಟ್ಟರೆ ಗಾಡಿ ನಿಲ್ಲುತ್ತದೆ, ಆದಕಾರಣ ಎಲ್ಲರೂ ಲಕ್ಷ್ಯ ಕೊಡುತ್ತಾರೆ. ಒಳಮೈ ಹರಿದರೂ ಗಾಡಿ ಓಡುತ್ತಲೇ ಇರುತ್ತದೆ, ಆದಕಾರಣ ಯಾರೂ ಅತ್ತ ಕಣ್ಣೆತ್ತಿ ನೋಡುವದಿಲ್ಲ.

ಗಾಡಿ ನಮ್ಮ ಅಣ್ಣನವರದು. ಅಣ್ಣನವರು ವೈದ್ಯರಾಗಿದ್ದರು, ಐನಾಪುರದಲ್ಲಿಯೂ ಸುತ್ತಣ ಹಳ್ಳಿಗಳಲ್ಲಿಯೂ ಸುಮಾರು ನಾಲ್ವತ್ತು ವರ್ಷ ನಾಡಿ ಹಿಡಿದವರು. 1983ರಲ್ಲಿ ಅವರು ಒಂದು ಪ್ರೀಮಿಯರ್ ಪದ್ಮಿನಿಯನ್ನು ಕೊಂಡರು. ನಮ್ಮ ನೆರೆಯ ಸೋಲಾಪುರದಲ್ಲಿ ಹುಟ್ಟಿದ ಶೇಠ ವಾಲಚಂದ ಹಿರಾಚಂದರು 1944ರಲ್ಲಿ ಸ್ಥಾಪಿಸಿದ ಕಂಪನಿಯು ಮುಂಬಯಿಯ ಕುರ್ಲಾದ ಕಾರ್ಖಾನೆಯಲ್ಲಿ ಇಟಲಿಯ ಫಿಯೆಟ್ 1100 ಎಂಬ ಗಾಡಿಯ ಮಾದರಿಯಲ್ಲಿಯೇ ಇದನ್ನು ತಯಾರಿಸುತ್ತಿತ್ತು. 'ಪದ್ಮಿನಿ' ಎಂಬ ಹೆಸರು 1974ರ ಸುಮಾರಿಗೆ ಬಂದದ್ದು. ಪದ್ಮಿನೀ ಎಂದರೆ ತಾವರೆಬಳ್ಳಿ, ತಾವರೆಗಳ ಕೊಳ. ಕೆಲವು ಶಾಸ್ತ್ರಕಾರರು ಬೇರೊಂದು ಅರ್ಥವನ್ನೂ ಹೇಳಿದ್ದಾರೆ. ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಅದರ ವಿವರಣೆ ಬೇಡ. ಈಗ ಆ ಗಾಡಿಗಳನ್ನು ಮಾಡುವವರಿಲ್ಲ. ಮುಂಬಯಿಯ ಕರಿ-ಹಳದಿ ಟ್ಯಾಕ್ಸಿಗಳಲ್ಲಿ ಕೊನೆಯ ಪದ್ಮಿನಿಯು ಸಹ 2023ರ ಅಕ್ಟೋಬರದಲ್ಲಿ ರಸ್ತೆ ಬಿಟ್ಟಿತು.

ನಮ್ಮ ಕಡೆಗೆ ಕಠಿಣ ರೋಗವೆಂದರೆ ಮಿರಜಿಗೆ ಹೋಗುವದು ಹಿಂದಿನಿಂದಲೂ ಬಂದ ರೂಢಿ. 1890ರ ದಶಕದಲ್ಲಿ ಡಾಕ್ಟರ್ ವಾನ್ಲೆಸ್ ಎಂಬವರು ಅಲ್ಲಿ ದವಾಖಾನೆ ತೆರೆದಂದಿನಿಂದ ಆ ಊರು ದವಾಖಾನೆಗಳ ಊರೇ ಆಗಿದೆ. ಅಣ್ಣನವರು ತಮ್ಮ ಕೈಮೀರಿದ ರೋಗಿಗಳನ್ನು ತಮ್ಮ ಗಾಡಿಯಲ್ಲಿಯೇ ಹಾಕಿಕೊಂಡು ಉಗಾರ, ಶೇಡಬಾಳ, ಕಾಗವಾಡಗಳನ್ನು ದಾಟಿ ಮಿರಜಕ್ಕೆ ಒಯ್ಯುತ್ತಿದ್ದರು. ಕಬ್ಬಿನ ಗಾಡಿಗಳ ಸಾಲು, ಮಳೆಗಾಲದ ಕರಿಮಣ್ಣಿನ ಕೆಸರು, ನಡುರಾತ್ರಿ, ಇವಾವವೂ ಅವರಿಗೆ ಲೆಕ್ಕವಿರಲಿಲ್ಲ. ಮಿರಜ ಮುಟ್ಟುವ ಮೊದಲೇ ಎರಡು ಕೂಸುಗಳು ಆ ಹಿಂದಿನ ಗಾದಿಯ ಮೇಲೆ ಹುಟ್ಟಿದವು. ಅವುಗಳಲ್ಲಿ ಒಂದಕ್ಕೆ ಈಗ ತನ್ನದೇ ಮಕ್ಕಳಿವೆ.

2018ರಲ್ಲಿ ಅಣ್ಣನವರು ತೀರಿಕೊಂಡರು. ಮರುವರ್ಷ ಆಗಸ್ಟ್ ತಿಂಗಳಲ್ಲಿ ಕೃಷ್ಣೆಗೆ ಮಹಾಪೂರ ಬಂತು. ಹೊಳೆಯ ನೀರು ನಮ್ಮ ಓಣಿಗೆ ಬರಲಿಲ್ಲವಾದರೂ ವಾರಗಟ್ಟಲೆ ಹಿಡಿದ ಮಳೆಗೆ ಗಾಡಿ ನಿಲ್ಲಿಸಿದ್ದ ಪತ್ರಾಸಿನ ಮಾಡು ಸೋರಿತು. ಆಗ ಯಾರಿಗೆ ಗಾಡಿಯ ಚಿಂತೆ? ಅದು ಹಾಗೆಯೇ ನಿಂತಿತು. ನಾನು ನಿವೃತ್ತನಾದ ಮೇಲೆ ಒಂದು ದಿನ ವೈನಿಯವರು ಕೀಲಿಯನ್ನು ತಂದು ನನ್ನ ಕೈಯಲ್ಲಿಟ್ಟು, "ಇನ್ನ ನೀವs ನೋಡಿಕೊಳ್ರಿ, ಮಾಸ್ತರ" ಎಂದರು.

ಮೇಸ್ತ್ರಿಯು ಎರಡು ವಾರದಲ್ಲಿ ಯಂತ್ರವನ್ನು ಹೂಂಗುಟ್ಟಿಸಿದ. ಒಳಗೆ ನೋಡಿದರೆ ಮಾತ್ರ ನನ್ನ ಎದೆ ಒಡೆಯಿತು. ಗಾದಿಯ ರೆಕ್ಸಿನ್ ಬಿಸಿಲಿಗೆ ಒಣಗಿ ಹೊಲಿಗೆಯ ಗುಂಟ ಬಿರಿದಿತ್ತು. ಒಂದು ಕಡೆ ಸ್ಪ್ರಿಂಗು ಗೋಣಿತಟ್ಟನ್ನು ಹರಿದುಕೊಂಡು ಮೇಲೆ ಬಂದಿತ್ತು. ಬಾಗಿಲುಗಳ ಒಳಮೈಗೆ ಹೊದಿಸಿದ ರಟ್ಟುಗಳು ಕೆಳಗಡೆ ಹಪ್ಪಳದಂತೆ ಉಬ್ಬಿ, ಅವುಗಳನ್ನು ಹಿಡಿದಿಡುವ ಕ್ಲಿಪ್ಪಿನ ತೂತುಗಳೆಲ್ಲ ಹರಿದು ಜೋತಾಡುತ್ತಿದ್ದವು. ಅಣ್ಣನವರು ಮೊಣಕೈ ಊರುತ್ತಿದ್ದ ಬಲಗಡೆಯ ಕೈಯಾಸರೆಯ ಮೇಲೆ ರೆಕ್ಸಿನ್ ಸವೆದು ಒಳಗಿನ ನಾರು ಕಾಣುತ್ತಿತ್ತು.

ಇಲ್ಲಿ ನನ್ನದೊಂದು ಮೂರ್ಖತನವನ್ನು ಹೇಳಿಬಿಡಬೇಕು. ಒಣಗಿದ ಚರ್ಮಕ್ಕೆ ಎಣ್ಣೆ ಹಚ್ಚಿದರೆ ಮೆದುವಾಗುವದಲ್ಲವೇ ಎಂದು ನಾನು ಅರ್ಧ ಬಾಟಲಿ ಕೊಬ್ಬರಿ ಎಣ್ಣೆಯನ್ನು ಗಾದಿಗೆ ತಿಕ್ಕಿದೆ. ರೆಕ್ಸಿನ್ ಚರ್ಮವಲ್ಲ. ಅದು ಮೂಲತಃ ಇಂಗ್ಲಂಡದ ಒಂದು ಕಂಪನಿಯ ಹೆಸರು. ಈಗ ನಮ್ಮಲ್ಲಿ ಆ ಹೆಸರಿನಿಂದ ಮಾರುವದು ಬಟ್ಟೆಯ ಮೇಲೆ ಪ್ಲಾಸ್ಟಿಕ್ಕಿನ ಲೇಪ ಕೊಟ್ಟ ವಸ್ತು. ತಯಾರಿಸುವಾಗ ಅದು ಮೆದುವಾಗಿರಲೆಂದು ಒಂದು ಬಗೆಯ ಸ್ನಿಗ್ಧದ್ರವ್ಯವನ್ನು ಕೂಡಿಸಿರುತ್ತಾರೆ. ವರ್ಷಾನುಗಟ್ಟಲೆ ಬಿಸಿಲಿನಲ್ಲಿ ಅದು ಹಾರಿಹೋಗಿ ರೆಕ್ಸಿನ್ ಬಿರುಸಾಗುತ್ತದೆ. ಸಂಸ್ಕೃತದಲ್ಲಿ ಎಣ್ಣೆಗೂ ಪ್ರೀತಿಗೂ 'ಸ್ನೇಹ'ವೆಂಬುದೊಂದೇ ಶಬ್ದ; ಒಮ್ಮೆ ಹಾರಿಹೋದ ಸ್ನೇಹವನ್ನು ಮೇಲಿನಿಂದ ಸವರಿ ತುಂಬಲಾಗುವದಿಲ್ಲ. (ಶ್ಲೇಷೆಯ ಚಟ ಹಳೆಯದು, ಓದುಗರು ಕ್ಷಮಿಸಬೇಕು.) ನನ್ನ ಎಣ್ಣೆ ಒಳಗೆ ಹೋಗಲಿಲ್ಲ, ಧೂಳನ್ನು ಹಿಡಿದುಕೊಂಡು ಮೇಲೆಯೇ ಕುಳಿತಿತು. ಆ ವಾರ ಮದುವೆಯೊಂದಕ್ಕೆ ಅದೇ ಗಾಡಿಯಲ್ಲಿ ಹೋದ ವೈನಿಯವರ ಬಿಳಿಯ ಸೀರೆಯ ಬೆನ್ನಿಗೆಲ್ಲ ಕಲೆಯಾಯಿತು. ಅವರು ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ತರುವಾಯ ಹತ್ತಿರದ ಪಟ್ಟಣದ ಒಂದು ಅಂಗಡಿಗೆ ಗಾಡಿಯನ್ನು ಒಯ್ದೆ. ಅಂಗಡಿಯವನು ಒಳಗೆ ಇಣಿಕಿ ನೋಡಿ, "ಎಲ್ಲಾ ಕಿತ್ತು ಒಗೆದು ಹೊಸದು ಹಾಕೋಣ, ಒಂದೇ ದಿನದ ಕೆಲಸ" ಎಂದ. ನಾನು ವಿಚಾರಿಸಿ ಹೇಳುತ್ತೇನೆನ್ನುವಷ್ಟರಲ್ಲಿಯೇ ಅವನ ಹುಡುಗನು ಹಿಂದಿನ ಬಲಬಾಗಿಲಿನ ರಟ್ಟನ್ನು ಸ್ಕ್ರೂ ಡ್ರೈವರಿನಿಂದ ಮೀಟಿ ಎರಡು ತುಂಡು ಮಾಡಿದ್ದ. ಆ ತುಂಡುಗಳನ್ನು ತೊಡೆಯ ಮೇಲಿಟ್ಟುಕೊಂಡು ಮನೆಗೆ ಬಂದೆ. ವೈನಿಯವರು ನೋಡಿ, "ಎಲ್ಲಾ ಹೊಸಾದು ಹಾಕಿದ ಮ್ಯಾಲ ಅದು ಅವರ ಗಾಡಿ ಅಂತ ಹ್ಯಾಂಗ ಅನ್ನೋದು?" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಅಥಣಿಯೊಳಗ ಅವರಿಗೆ ಚಪ್ಪಲಿ ಮಾಡಿಕೊಡತಿದ್ದನಲ್ಲ, ಅವನ್ನ ಒಮ್ಮೆ ಕೇಳ್ರಿ. ಹೊಲಿಗಿ ಕೆಲಸ ಬಲ್ಲವರು ಅವರು" ಎಂದರು.

ಅಥಣಿಯ ಚಪ್ಪಲಿಯ ವಿಷಯ ಈ ಭಾಗದ ಓದುಗರಿಗೆ ನಾನು ಹೇಳಬೇಕಾಗಿಲ್ಲ. ಲೋಕದಲ್ಲಿ ಅದಕ್ಕೆ ಕೊಲ್ಹಾಪುರಿ ಎಂಬ ಹೆಸರು. 2019ರಲ್ಲಿ ಸರಕಾರದವರು ಭೌಗೋಲಿಕ ಗುರುತು ಕೊಟ್ಟಾಗ ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೋಲಾಪುರಗಳೊಡನೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳನ್ನೂ ಸೇರಿಸಿದರು. 2025ರಲ್ಲಿ ಇಟಲಿಯ ಪ್ರಾಡಾ ಎಂಬ ದೊಡ್ಡ ಕಂಪನಿಯು ಮಿಲಾನ್ ನಗರದ ಪ್ರದರ್ಶನದಲ್ಲಿ ಇದೇ ಆಕಾರದ ಚಪ್ಪಲಿಯನ್ನು ಮೂಲ ಹೇಳದೆ ಮೆರೆಸಿದಾಗ ಗದ್ದಲವಾದದ್ದೂ, ಆಮೇಲೆ ಅವರು ಒಪ್ಪಿಕೊಂಡದ್ದೂ ಪತ್ರಿಕೆಗಳಲ್ಲಿ ಬಂದಿದೆ. ಗಾಡಿಯೂ ಇಟಲಿಯ ಮಾದರಿಯದು. ಅದನ್ನು ಅಥಣಿಗೆ ಒಯ್ದದ್ದರಲ್ಲಿ ಒಂದು ನ್ಯಾಯವಿತ್ತೆಂದು ನನಗೆ ಆಮೇಲೆ ಅನಿಸಿತು.

ಆ ಮನೆಯ ಮುಂದೆ ಗಾಡಿ ನಿಲ್ಲಿಸಿದಾಗ ಬಾಗಿಲಿಗೆ ಬಂದವನು ನನ್ನನ್ನು ನೋಡಿ ಕೈಮುಗಿದು, "ಸರ್, ನಾನ್ರಿ, ನಿಮ್ಮ ವಿದ್ಯಾರ್ಥಿ" ಎಂದ. ನನಗೆ ಗುರುತು ಹತ್ತಲು ಸ್ವಲ್ಪ ಹೊತ್ತು ಹಿಡಿಯಿತು. 1994ರಲ್ಲಿ ಒಂಬತ್ತನೆಯ ಇಯತ್ತೆಯಲ್ಲಿ ನನ್ನ ಹತ್ತಿರ ಸಂಸ್ಕೃತ ಓದುತ್ತಿದ್ದ ಹುಡುಗ. ವಿಭಕ್ತಿಗಳನ್ನು ತಪ್ಪದೆ ಹೇಳುತ್ತಿದ್ದ. ಆ ವರ್ಷ ದೀಪಾವಳಿಯ ಸೂಟಿಯ ತರುವಾಯ ಅವನು ಶಾಲೆಗೆ ಬರಲಿಲ್ಲ. ತಂದೆ ತೀರಿಕೊಂಡನೆಂದು ಯಾರೋ ಹೇಳಿದರು. ನಾನು ಕೆಲವು ವಾರ ಗೈರುಹಾಜರಿ ಬರೆದು, ಕೊನೆಗೆ ಹಾಜರಿಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆ ಎಳೆದೆ. ಅವನ ಮನೆಯು ಶಾಲೆಯಿಂದ ಹತ್ತು ನಿಮಿಷದ ದಾರಿ. ಹೋಗಿ ಕೇಳಬೇಕೆಂದು ನನಗೆ ತೋಚಲಿಲ್ಲ. ತೋಚಲಿಲ್ಲವೆಂಬದು ಪೂರ್ತಿ ನಿಜವಲ್ಲ. ಆ ಓಣಿಗೆ ಹೋಗುವ ರೂಢಿ ನನಗಿರಲಿಲ್ಲ.

ಅಣ್ಣನವರಿಗಿತ್ತು. ಹುಡುಗನು (ಈಗ ಅವನ ಮೀಸೆಯೂ ನರೆತಿದೆ) ಗಾಡಿಯ ಸುತ್ತ ಒಂದು ಸಲ ತಿರುಗಿ, "ಡಾಕ್ಟರ್ ಸಾಹೇಬರ ಗಾಡಿ ಅಲ್ಲೇನ್ರಿ ಇದು? ನಮ್ಮವ್ವನ್ನ ಇದರಾಗ ಮಿರಜಿಗೆ ಒಯ್ದಿದ್ರು" ಎಂದ. ಒಳಗಿನಿಂದ ಅವನ ತಾಯಿ ಬಂದಳು. ಎಪ್ಪತ್ತು ದಾಟಿದ ಹೆಣ್ಣುಮಗಳು. ಗಾಡಿಯ ಹಿಂದಿನ ಬಾಗಿಲನ್ನು ತೆಗೆಯಿಸಿ ಗಾದಿಯ ಮೇಲೆ ಕೈಯಾಡಿಸಿ ನೋಡಿದಳು. ಕೆಲಸಕ್ಕೆ ಒಪ್ಪಿಗೆ ಸಿಕ್ಕಿದ್ದು ಹಾಗೆ, ಮಾತಿನಿಂದ ಅಲ್ಲ.

ಅಂದಿನಿಂದ ಹನ್ನೊಂದು ದಿನ ನಾನು ಅವರ ಕಟ್ಟೆಯ ಮೇಲೆ ಕುಳಿತು ವಿದ್ಯಾರ್ಥಿಯಾದೆ. ಮೊದಲನೆಯ ಪಾಠ: ಹೊಸ ತೂತು ಹಾಕಬಾರದು. "ಹಳೇ ತೂತಿನ್ಯಾಗ ಹೊಲೀಬೇಕ್ರಿ ಸರ್. ತೂತಿನ ಬಾಜೂಕ ತೂತು ಹಾಕಿದ್ರ ಅಂಚೀ ತಿಕೀಟಿನಂಗ ಹರದು ಕೈಗೆ ಬರತೈತಿ." ಹರಿದ ಹೊಲಿಗೆಯ ಹಿಂಬದಿಗೆ ಎರಡು ಬೆರಳಗಲದ ದಪ್ಪ ಕಿತ್ತಾನಿನ ಪಟ್ಟಿಯನ್ನು ಅಂಟಿಸಿ, ಅದರ ಮೇಲೆ ಬಿರಿದ ಅಂಚುಗಳನ್ನು ಕೂಡಿಸಿ, ಪ್ರತಿಯೊಂದು ಹಳೆಯ ತೂತನ್ನೂ ಆರಿಯ ಮೊನೆಯಿಂದ ಹುಡುಕಿ ದಾರ ಪೋಣಿಸುವದು. ಎಳೆತದ ಭಾರವನ್ನೆಲ್ಲ ಆ ಹಿಂದಿನ ಪಟ್ಟಿ ಹೊರುತ್ತದೆ. ಮುಂದೆ ಕಾಣುವ ಮುದಿ ರೆಕ್ಸಿನ್ನಿಗೆ ಹೊದ್ದುಕೊಂಡಿರುವದಷ್ಟೇ ಕೆಲಸ. ದಾರಕ್ಕೆ ಜೇನುಮೇಣ ತಿಕ್ಕಿ, ಅದರ ಎರಡೂ ತುದಿಗೆ ಒಂದೊಂದು ಸೂಜಿ ಕಟ್ಟಿ, ಒಂದೇ ತೂತಿನಲ್ಲಿ ಆಚೆಯಿಂದೊಂದು ಈಚೆಯಿಂದೊಂದು ಹಾಯಿಸುತ್ತಾರೆ. ಮಶೀನಿನ ಹೊಲಿಗೆ ಒಂದು ಕಡೆ ಹರಿದರೆ ಸರಸರನೆ ಬಿಚ್ಚಿಕೊಳ್ಳುತ್ತದೆ. ಇದು ಒಂದು ಕಡೆ ಹರಿದರೂ ಮಗ್ಗುಲಿನ ಎಳೆ ಹಿಡಿದಿರುತ್ತದೆ. ಅತಿ ಸೂಕ್ಷ್ಮದ ಹೊಲಿಗೆಯನ್ನು ಆ ತಾಯಿಯೇ ಮಾಡಿದಳು. ಚಪ್ಪಲಿಯ ಮೇಲಿನ ಹೆಣಿಗೆ, ಹೊಲಿಗೆಗಳು ಅಥಣಿಯಲ್ಲಿ ಬಹುತರ ಹೆಂಗಸರ ಕೈಯ ಕೆಲಸವೆಂಬದು ನಾಲ್ವತ್ತು ವರ್ಷ ಆ ಚಪ್ಪಲಿ ಮೆಟ್ಟಿದ ನನಗೆ ತಿಳಿದೇ ಇರಲಿಲ್ಲ.

ಅಮರಕೋಶದಲ್ಲಿ ಚರ್ಮಕಾರನ ಉಪಕರಣಕ್ಕೆ 'ಆರಾ' ಎಂಬ ಶಬ್ದವಿದೆ. ಅದನ್ನು ನಾನು ಎಷ್ಟೋ ವರ್ಷ ಬಾಯಿಪಾಠ ಮಾಡಿಸಿದ್ದೇನೆ, ಆ ವಸ್ತುವನ್ನು ಕೈಯಲ್ಲಿ ಹಿಡಿದಿರಲಿಲ್ಲ. ಅವನ ಆರಿಯನ್ನು ತೆಗೆದುಕೊಂಡು ನೋಡುತ್ತ ಈ ಮಾತನ್ನು ಹೇಳಿದೆ. ಅವನು ನಕ್ಕು, "ಅಂದ್ರ ನಾವು ಸಂಸ್ಕೃತಾನ ಕೈಯಾಗ ಹಿಡಕೊಂಡು ಕುಂತೀವಿ ಅನ್ರಿ" ಎಂದ.

ಬಾಗಿಲುಗಳ ವಿಷಯದಲ್ಲಿ ಮಾತ್ರ ನನ್ನದೂ ಸ್ವಲ್ಪ ಪಾಲಿದೆ. ರಟ್ಟು ಯಾಕೆ ಉಬ್ಬಿತೆಂಬದನ್ನು ಮೊದಲು ಕಂಡುಕೊಳ್ಳಬೇಕಲ್ಲವೇ? ಕಿಟಕಿಯ ಗಾಜು ಇಳಿಯುವ ಸೀಳಿನಿಂದ ಮಳೆಯ ನೀರು ಬಾಗಿಲಿನ ಹೊಟ್ಟೆಯೊಳಗೆ ಇಳಿಯುವದು ಸಹಜ. ಅದು ಹರಿದುಹೋಗಲೆಂದೇ ಬಾಗಿಲಿನ ತಳದಲ್ಲಿ ಸಣ್ಣ ತೂತುಗಳಿರುತ್ತವೆ. ನಮ್ಮ ಗಾಡಿಯಲ್ಲಿ ಆ ತೂತುಗಳು ಧೂಳಿನಿಂದಲೂ ಕಬ್ಬಿನ ರವದಿಯ ಚೂರುಗಳಿಂದಲೂ ಮುಚ್ಚಿಹೋಗಿದ್ದವು. ನೀರು ನಿಂತು, ರಟ್ಟು ಅದನ್ನು ಕೆಳಗಿನಿಂದ ಹೀರಿಕೊಂಡಿತ್ತು. ಈ ತೂತುಗಳನ್ನು ಕಡ್ಡಿಯಿಂದ ಬಿಡಿಸದೆ ಒಳಗೆ ಏನು ರಿಪೇರಿ ಮಾಡಿದರೂ ಅದು ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆ. ಹಾಗೆಯೇ ರಟ್ಟಿನ ಹಿಂದೆ ಇರಬೇಕಾದ ಪ್ಲಾಸ್ಟಿಕ್ ಹಾಳೆಯು ಎಂದೋ ಹರಿದುಹೋಗಿತ್ತು. ಬಾಗಿಲಿಗೆ ಹೊಸ ಹಾಳೆಯನ್ನು ಅಂಟಿಸಿದೆವು. ಓದುಗರ ಮನೆಯಲ್ಲಿ ಹಳೆಯ ಗಾಡಿಯಿದ್ದರೆ ಈ ಎರಡು ಕೆಲಸಗಳನ್ನಾದರೂ ಮಳೆಗಾಲದ ಮುಂಚೆ ಮಾಡಿಸಿಕೊಳ್ಳಲಿ.

ರಟ್ಟನ್ನು ಬಿಚ್ಚುವದಕ್ಕೂ ಒಂದು ಕ್ರಮವುಂಟು. ಮೊದಲು ಗಾಜು ತಿರುವುವ ಹಿಡಿಯನ್ನು ತೆಗೆಯಬೇಕು; ನಮ್ಮ ಗಾಡಿಯಲ್ಲಿ ಹಿಡಿಯ ಹಿಂದಿನ ಬಿಲ್ಲೆಯನ್ನು ಒಳಗೆ ಒತ್ತಿದರೆ ಸಣ್ಣ ಕೀಲು ಕಾಣುತ್ತದೆ, ಅದನ್ನು ತಳ್ಳಿದರೆ ಹಿಡಿ ಬಿಚ್ಚುತ್ತದೆ. ಆಮೇಲೆ ಚಪ್ಪಟೆ ಕಟ್ಟಿಗೆಯನ್ನು ಪ್ರತಿಯೊಂದು ಕ್ಲಿಪ್ಪಿನ ಬುಡಕ್ಕೇ ತೂರಿಸಿ ಮೆಲ್ಲಗೆ ಮೀಟಬೇಕು. ಎರಡು ಕ್ಲಿಪ್ಪುಗಳ ನಡುವೆ ಮೀಟಿದರೆ ಪಟ್ಟಣದ ಹುಡುಗ ಮಾಡಿದಂತಾಗುತ್ತದೆ. ಬಿಚ್ಚಿದ ರಟ್ಟುಗಳನ್ನು ನೆರಳಿನಲ್ಲಿ ಒಣಗಿಸಿ, ಎರಡು ಹಲಗೆಗಳ ನಡುವೆ ಬೀಸುಕಲ್ಲು ಹೇರಿ ಐದು ದಿನ ಇಟ್ಟೆವು. ಬಹುತೇಕ ಚಪ್ಪಟೆಯಾದವು. ಹರಿದ ತೂತುಗಳಿಗೆ ಏನು ಮಾಡುವದೆಂಬ ಪ್ರಶ್ನೆ ಬಂತು. ಚರ್ಮ ಹಾಕಿದರೆ ಹಸಿಗೆ ಬೂಸರು ಹಿಡಿಯುತ್ತದೆ; ಕಬ್ಬಿಣದ ತಗಡು ತುಕ್ಕು ಹಿಡಿಯುತ್ತದೆ. ಆಗ ನಾನು ಪರಿಚಯದ ಮುದ್ರಣಾಲಯಕ್ಕೆ ಹೋಗಿ ಅವರು ಅಚ್ಚು ಹಾಕಿ ಬಿಟ್ಟ ತೆಳ್ಳನೆಯ ಅಲ್ಯೂಮಿನಿಯಂ ಫಲಕಗಳನ್ನು ತಂದೆ. ಅದನ್ನು ಕತ್ತರಿಯಿಂದ ಕತ್ತರಿಸಬಹುದು, ತುಕ್ಕಿನ ಭಯವಿಲ್ಲ. ಹರಿದ ಪ್ರತಿಯೊಂದು ತೂತಿನ ಹಿಂದೆ ನಾಲ್ಕು ಬೆರಳಿನ ತುಂಡನ್ನು ಅಂಟಿಸಿ, ಅಂಚಿಗೆ ರಿವೆಟ್ಟು ಹಾಕಿ, ಅದರಲ್ಲಿ ಹೊಸದಾಗಿ ತೂತು ಕೊರೆದೆವು. (ತಗಡಿನಲ್ಲಿ ಹೊಸ ತೂತಿಗೆ ಅವನು ಅಪ್ಪಣೆ ಕೊಟ್ಟ.) ಎರಡು ತುಂಡಾದ ರಟ್ಟಿಗೂ ಹಿಂದಿನಿಂದ ಅದೇ ಫಲಕದ ಉದ್ದನೆಯ ಪಟ್ಟಿ. ಕೊನೆಗೆ ಹಿಂಬದಿಗೆಲ್ಲ ಎರಡು ಸಲ ವಾರ್ನಿಶ್ ಕೊಟ್ಟೆವು. ಫಲಕದ ಮೇಲೆ ಯಾರದೋ ಮದುವೆಯ ಕರೆಯೋಲೆ ಮೂಡಿತ್ತು. ವಧೂವರರು ಈಗ ನಮ್ಮ ಬಾಗಿಲಿನ ಒಳಗೆ ಸುಖವಾಗಿದ್ದಾರೆ.

ಅಂಟಿನ ವಿಷಯ ಒಂದೇ ಮಾತು. ಚಪ್ಪಲಿಯವರು ಬಳಸುವ ರಬ್ಬರಿನ ಸೊಲ್ಯೂಷನ್ನನ್ನು ಎರಡೂ ಮೈಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಆರುವವರೆಗೆ ಕಾದು, ಆಮೇಲೆ ಕೂಡಿಸಿ ಒತ್ತಬೇಕು. ಕೂಡಿದ ಮೇಲೆ ಸರಿಸಲು ಬರುವದಿಲ್ಲ. ಮಳೆ ಹಿಡಿದ ದಿನ ಅದನ್ನು ಮುಟ್ಟಲೇಬಾರದು.

ಇನ್ನು ಕೈಯಾಸರೆ. ಅದರ ಸಲುವಾಗಿ ವೈನಿಯವರು ಸ್ವತಃ ಅಥಣಿಗೆ ಬಂದರು. ಅವರ ಬೇಡಿಕೆ ವಿಚಿತ್ರವಾದದ್ದು. ತೂತು ಮುಚ್ಚಬೇಕು, ಆದರೆ ಮೊಣಕೈ ಊರಿ ಊರಿ ಬಿದ್ದ ತಗ್ಗು ಹಾಗೆಯೇ ಇರಬೇಕು. ನಾನು ಸಂಕೋಚದಿಂದ ಅವನ ಮುಖ ನೋಡಿದೆ. ಅವನಿಗೇನೂ ವಿಚಿತ್ರವೆನಿಸಲಿಲ್ಲ. "ಆತ್ರಿ ಅವ್ವಾರ, ಒಳಗಿಂದ ಹಾಕೂಣು" ಎಂದ. ಅಥಣಿಯ ಚರ್ಮವನ್ನು ಹದಮಾಡುವ ಬಗೆಯನ್ನು ಅಂದು ಅವನು ಹೇಳಿದ: ಸುಣ್ಣದಲ್ಲಿ ನೆನೆಸಿ ಕೂದಲು ತೆಗೆದು, ತೊಗಲನ್ನು ಚೀಲದಂತೆ ಹೊಲಿದು ತೂಗಹಾಕಿ, ಅದರೊಳಗೆ ಜಾಲಿಯ ತೊಗಟೆ, ಅಣಲೆಕಾಯಿಗಳ ಕಷಾಯ ತುಂಬುವರಂತೆ. ಅಣಲೆಕಾಯಿಯೆಂದರೆ ತ್ರಿಫಲೆಯ ಹರೀತಕಿಯೇ. ಅಣ್ಣನವರ ಔಷಧದ ಕಪಾಟಿನಲ್ಲಿಯೂ ಅದಿತ್ತು. ಇಂಥ ಚರ್ಮಕ್ಕೆ ಕಬ್ಬಿಣ ತಾಗಿದರೆ ಆ ಕಷಾಯದ ಒಗರು ಕಬ್ಬಿಣದೊಡನೆ ಕೂಡಿ ಕರಿ ಕಲೆಯಾಗುತ್ತದೆ. ಆದಕಾರಣ ಮೊಳೆಯ ಬದಲು ಹಿತ್ತಾಳೆಯ ರಿವೆಟ್ಟು, ಇಲ್ಲವೆ ಬರಿಯ ಹೊಲಿಗೆ. ತೆಳುವಾದ ತುಂಡೊಂದನ್ನು ಆರಿಸಿ, ಅದರ ಅಂಚುಗಳನ್ನು ರಂಪಿಗೆಯಿಂದ ಹೆರೆದು ಹೆರೆದು ಕಾಗದದಷ್ಟು ತೆಳ್ಳಗೆ ಮಾಡಿದ. ಇಲ್ಲವಾದರೆ ತೇಪೆಯ ಅಂಚು ಮೇಲೆ ಏಣಿನಂತೆ ಕಾಣುತ್ತದೆ. ಅದನ್ನು ನೀರಿನಲ್ಲಿ ಅದ್ದಿ ಆ ತಗ್ಗಿನೊಳಗೇ ಒತ್ತಿ ಒಂದು ರಾತ್ರಿ ಬಿಟ್ಟ. ಬೆಳಗಾಗುವಷ್ಟರಲ್ಲಿ ಚರ್ಮವು ತಗ್ಗಿನ ಆಕಾರವನ್ನು ಹಿಡಿದಿತ್ತು. ಆಮೇಲೆ ರೆಕ್ಸಿನ್ನಿನ ಕೆಳಗೆ ಅದನ್ನು ಕೂಡಿಸಿ, ಸವೆದ ಜಾಗದ ಸುತ್ತ ಹೊಲಿದರು. ಮಧ್ಯದಲ್ಲಿ ಎರಡು ರೂಪಾಯಿಯ ನಾಣ್ಯದಷ್ಟು ಚರ್ಮ ಕಾಣುತ್ತದೆ.

ಹಿಂದಿನ ಗಾದಿಯನ್ನು ಎತ್ತಿದ ದಿನ ನಾನೂ ವೈನಿಯವರೂ ಇದ್ದೆವು. ಗಾದಿ, ಬೆನ್ನೊರಗುಗಳ ನಡುವಿನ ಸಂದಿಯಲ್ಲಿ ಏನೇನೋ ಬಿದ್ದಿತ್ತು: ಚಲಾವಣೆ ನಿಂತ ಇಪ್ಪತ್ತೈದು ಪೈಸೆಯ ನಾಣ್ಯ, ಕೂದಲಿನ ಪಿನ್ನು, ಔಷಧದ ಬಾಟಲಿಯ ಮುಚ್ಚಳ, ಹಸಿರು ಬಳೆಯ ಚೂರುಗಳು. ಹಸಿರು ಬಳೆಯನ್ನು ಯಾವಾಗ ತೊಡಿಸುತ್ತಾರೆಂಬದು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಗೊತ್ತು. ವೈನಿಯವರು ಚೂರುಗಳನ್ನು ಒಂದೊಂದಾಗಿ ಆರಿಸಿ ಸೆರಗಿನ ತುದಿಗೆ ಕಟ್ಟಿಕೊಂಡರು. ಆ ತಾಯಿಯು ಪಕ್ಕದಲ್ಲಿ ಕುಳಿತು ನೋಡುತ್ತಿದ್ದಳು. ಇಬ್ಬರೂ ಮಾತಾಡಲಿಲ್ಲ. ಅದೇ ದಿನ ಸ್ಪ್ರಿಂಗಿಗೆ ಹೊಸ ಗೋಣಿತಟ್ಟು ಹೊಲಿದು, ಹಳೆಯ ತೆಂಗಿನ ನಾರನ್ನೇ ಕೊಡವಿ ಬಿಸಿಲಿಗೆ ಹಾಕಿ ಮತ್ತೆ ಹಾಸಿದರು. ಕೊಬ್ಬರಿ ಎಣ್ಣೆಯ ಜಿಡ್ಡನ್ನು ಸೋಪಿನ ನೀರಿನಿಂದ ಒರೆಸಿ ತೆಗೆಯುವ ಕೆಲಸವನ್ನು ನನಗೇ ಬಿಟ್ಟಿದ್ದರು.

ಮಾಡಿನ ಒಳಬಟ್ಟೆಯನ್ನು ಬರಿಯ ಬ್ರಶ್ಶಿನಿಂದ ಝಾಡಿಸಿ, ಎರಡು ಕಡೆ ಟಾಕಿ ಹಾಕಿದೆವು, ಅದರಲ್ಲಿ ಹೇಳುವಂಥದೇನಿಲ್ಲ.

ಇಷ್ಟೆಲ್ಲ ಮಾಡಿದರೂ ನಮ್ಮ ಗಾಡಿ 'ಪುರಾತನ' ಎನಿಸಿಕೊಳ್ಳುವದಿಲ್ಲ. 2021ರ ನಿಯಮದಂತೆ ಮೊದಲ ನೋಂದಣಿಯಿಂದ ಐವತ್ತು ವರ್ಷ ದಾಟಿ, ಮೂಲರೂಪದಲ್ಲಿ ಉಳಿದ ಗಾಡಿಗೆ ಮಾತ್ರ ಆ ಮರ್ಯಾದೆ. ಧರ್ಮಸ್ಥಳದ ಸಂಗ್ರಹದಲ್ಲಿ ಅಂಥ ಗಾಡಿಗಳು ಸಾಲಾಗಿ ಮಿರುಗುತ್ತ ನಿಂತದ್ದನ್ನು ನೋಡಿದ್ದೇನೆ. ನಮ್ಮದು 2033ರ ತನಕ ಕಾಯಬೇಕು. ಆಗ ನನಗೂ ಅರವತ್ತೆಂಟು.

ಕೊನೆಯ ದಿನ ಕೂಲಿ ಎಷ್ಟೆಂದು ಕೇಳಿದೆ. ಸಾಮಾನು, ದಿನಗೂಲಿ ಎಲ್ಲ ಲೆಕ್ಕ ಹಾಕಿ ಹೇಳಿದ. ಹೆಚ್ಚು ಕೊಡಹೋದೆ, ತೆಗೆದುಕೊಳ್ಳಲಿಲ್ಲ. ಹನ್ನೊಂದು ದಿನ ಬಾಯಿಯವರೆಗೆ ಬಂದು ತಿರುಗಿ ಹೋಗುತ್ತಿದ್ದ ಮಾತನ್ನು ಆಗ ಹೇಳಿದೆ: "ಹಾಜರಿಪುಸ್ತಕದಲ್ಲಿ ನಿನ್ನ ಹೆಸರು ಹೊಡೆದುಹಾಕಿದವನು ನಾನೇ. ಮನೆಗೆ ಬಂದು ಕೇಳಬೇಕಾಗಿತ್ತು." ಅವನು ದಾರಕ್ಕೆ ಮೇಣ ತಿಕ್ಕುತ್ತಿದ್ದ. "ಗೊತ್ತೈತ್ರಿ ಸರ್. ದಾಖಲೆ ತಗೊಳ್ಳಾಕ ಬಂದಾಗ ನೋಡಿದ್ನಿ" ಎಂದ. ತಿಕ್ಕುವದನ್ನು ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಮುಂದಿನ ಎಡಬಾಗಿಲಿನ ರಟ್ಟು ಇನ್ನೂ ಹಸಿ ಇದೆಯೆಂದೂ, ಅದನ್ನು ಈಗ ಅಂಟಿಸಿದರೆ ನಿಲ್ಲುವದಿಲ್ಲವೆಂದೂ, ಸಿದ್ಧೇಶ್ವರನ ಜಾತ್ರೆ ಮುಗಿದ ಮೇಲೆ ಬಿಸಿಲು ಬಲಿತಾಗ ತರಬೇಕೆಂದೂ ಹೇಳಿದ.

ಆ ಬಾಗಿಲು ಸದ್ಯಕ್ಕೆ ಬರ್ಮೈಯಲ್ಲಿದೆ. ವೈನಿಯವರು ಅದರ ಪಕ್ಕದಲ್ಲಿ ಕೂಡ್ರುವದಿಲ್ಲ, ಹಿಂದೆ ಕೂಡ್ರುತ್ತಾರೆ. ನಾನು ಗಾಡಿ ನಡೆಯಿಸುವಾಗ ಬಲಮೊಣಕೈಯನ್ನು ಮೇಲೆ ಹಿಡಿದಿರುತ್ತೇನೆ.